ಹಡಗಿನ ಎಂಜಿನ್ ಮತ್ತು ನಂಜುಂಡ ಭಾವ

ಇವತ್ತು ಬೆಳಿಗ್ಗೆ ಹೊಲ ಉಳುವ ಟಿಲ್ಲರ್ ಸ್ಟಾರ್ಟ್ ಮಾಡುವ ಮೊದಲು ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ ತೆಗೆದು ಮೂಗಿನ ಹತ್ತಿರ ಹಿಡಿದೆ. ಪಕ್ಕದ ಹೊಲದಲ್ಲಿ ಕೋಸಿಗೆ ನೀರು ಬಿಡುತ್ತಿದ್ದ ಪುಟ್ಟಮಾದಮ್ಮ, "ಅದೇನು ಸಾರು ನೋಡ್ದಂಗ ಮೂಸ್ತಿದ್ದಯಲ್ಲ, ಉಪ್ಪು ಸಾಕಾ?" ಅಂದಳು. ನನಗೂ ನಗು ಬಂತು. ಎಂಜಿನ್ ಬಗ್ಗೆ ನನಗೆ ತಿಳಿದಿರುವುದು ಅಷ್ಟಕ್ಕಷ್ಟೆ. ಆದರೆ ಎಣ್ಣೆಯ ವಾಸನೆ ನೋಡದೆ ಯಂತ್ರ ಮುಟ್ಟಬಾರದು ಅನ್ನುವುದೊಂದನ್ನು ಕಲಿತುಬಿಟ್ಟಿದ್ದೇನೆ. ಕಲಿಸಿದವರು ನಂಜುಂಡ ಭಾವ, ನಮ್ಮ ಅಕ್ಕ ಗೌರಮ್ಮನ ಗಂಡ.

ಸಮುದ್ರವನ್ನೇ ಕಾಣದ ಪಣಕಹಳ್ಳಿಯಲ್ಲಿ ಹುಟ್ಟಿದ ಭಾವ ಬದುಕಿನ ಅರ್ಧ ಭಾಗವನ್ನು ಹಡಗುಗಳ ಎಂಜಿನ್ ಕೋಣೆಗಳಲ್ಲಿ ಕಳೆದರು. ಹಡಗಿಗೆಲ್ಲ ಕರೆಂಟ್ ಕೊಡುವ ಡೀಸೆಲ್ ಜನರೇಟರನ್ನು ನೋಡಿಕೊಳ್ಳುವುದು ಅವರ ಕೆಲಸ. ಆ ಸದ್ದು ಕಿವಿಯನ್ನು ತಿಂದುಹಾಕಿದ ಮೇಲೆ ಊರಿಗೆ ಬಂದರು. ಅವರು ಬಂದ ಸ್ವಲ್ಪ ಕಾಲಕ್ಕೆ ತಾಳವಾಡಿಯ ಸಣ್ಣ ಆಸ್ಪತ್ರೆಯೊಂದಕ್ಕೆ ತೂತ್ತುಕುಡಿಯ ಕಡೆಯಿಂದ ಹಳೆಯ ಹಡಗಿನ ಜನರೇಟರ್ ಒಂದನ್ನು ತಂದು ಕೂರಿಸಿದರು. ಅದನ್ನು ನೋಡಿಕೊಳ್ಳುವ ಕೆಲಸ ಭಾವನಿಗೇ ಸಿಕ್ಕಿತು; ಅದಕ್ಕೆ ಅವರು, ಅವರಿಗೆ ಅದು ಜೊತೆಯಾಯಿತು.

ಆ ಎಂಜಿನ್ನಿಗೆ ಭಾವ ಮಾಡುತ್ತಿದ್ದ ಆರೈಕೆ ನೋಡಿದರೆ ಬಾಣಂತಿಯ ನೆನಪಾಗುತ್ತಿತ್ತು. ಬೋರ್‌ವೆಲ್ ನೀರನ್ನು ಅದರ ಒಳಕ್ಕೆ ಬಿಡುತ್ತಲೇ ಇರಲಿಲ್ಲ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ಹಾಕುತ್ತಿದ್ದರು. ಬೇರೆ ನೀರು ಹಾಕಿದರೆ ಒಳಗೆ ಉಪ್ಪು ಕಟ್ಟುತ್ತದೆ, ಕಬ್ಬಿಣಕ್ಕೆ ಹುಳ ಕೊರೆದಂತೆ ಸಣ್ಣ ಸಣ್ಣ ತೂತು ಬೀಳುತ್ತವೆ ಎನ್ನುತ್ತಿದ್ದರು. ಕೂಲೆಂಟ್‌ನಲ್ಲೂ ಹಸಿರಿಗೆ ಕೆಂಪು ಬೆರೆಸುವಂತಿಲ್ಲ. ಬೆಳಿಗ್ಗೆ ಎದ್ದರೆ ಡೀಸೆಲ್ ಟ್ಯಾಂಕಿನ ತಳದಿಂದ ಸ್ವಲ್ಪ ಬಾಟಲಿಗೆ ಇಳಿಸಿ, ನೀರು ಸೇರಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುವುದು. ಎಣ್ಣೆಯಂತೂ ಆ ಎಂಜಿನ್ನಿಗೆ ಹೇಳಿದ್ದೇ ಆಗಬೇಕು. ಒಮ್ಮೆ ಯಾರೋ ಟ್ರ್ಯಾಕ್ಟರಿನ ಎಣ್ಣೆ ತಂದುಕೊಟ್ಟಾಗ, "ಎತ್ತಿನ ಲಾಳನ ಕುದ್ರಗ ಒಡುದ್ದಂಗಾಯ್ತದ ಕಣಪ್ಪ" ಎಂದು ಕೈಮುಗಿದು ವಾಪಸು ಕಳಿಸಿದ್ದರು. ಅಕ್ಕ ಮಾತ್ರ, "ನನ್ನ ಸಾರು ಎಂಗದ ಅಂತ ಒಂದಿನ ಕೇಳ್ನಿಲ್ಲ ಈ ಮನ್ಸ" ಎಂದು ನಗುತ್ತಿದ್ದಳು.

ಆ ಅಕ್ಕ ಒಂದು ವರ್ಷ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನ್ಯುಮೋನಿಯಾ ಆಗಿ ಅದೇ ಆಸ್ಪತ್ರೆಗೆ ಸೇರಿದಳು. ಕರೆಂಟಿನಿಂದ ನಡೆಯುವ ಆಮ್ಲಜನಕದ ಯಂತ್ರವಿಲ್ಲದೆ ಉಸಿರಾಡಲು ಆಗುತ್ತಿರಲಿಲ್ಲ. ಅದೇ ವಾರ ಗಾಳಿ ಎದ್ದಿತು. ಹಾಸನೂರಿನ ಕಾಡಿನಲ್ಲಿ ಮರಗಳು ಲೈನಿನ ಮೇಲೂ ರಸ್ತೆಯ ಮೇಲೂ ಉರುಳಿ, ಕರೆಂಟ್ ಹೋಯಿತು. ಸತ್ಯಮಂಗಲದಿಂದ ಬರಬೇಕಾದ ಆಮ್ಲಜನಕದ ಸಿಲಿಂಡರುಗಳು ಘಾಟಿಯ ಕೆಳಗೇ ಉಳಿದವು. ಚಾಮರಾಜನಗರಕ್ಕೆ ಸಾಗಿಸೋಣವೆಂದರೆ, ಈ ಸ್ಥಿತಿಯಲ್ಲಿ ದಾರಿಯ ಆಯಾಸ ತಡೆಯಲಾರಳು ಎಂದರು ಡಾಕ್ಟರಮ್ಮ. ಉಳಿದಿದ್ದು ಜನರೇಟರ್ ಮತ್ತು ಒಂದೇ ಒಂದು ಸಣ್ಣ ಸಿಲಿಂಡರ್.

ಮಾರನೆಯ ದಿನ ಮಧ್ಯಾಹ್ನ ನಾನು ಭಾವನಿಗೆ ಊಟ ತೆಗೆದುಕೊಂಡು ಜನರೇಟರಿನ ಶೆಡ್ಡಿಗೆ ಹೋದೆ. ಅವರು ಕಡ್ಡಿ ಹಿಡಿದು ನಿಂತಿದ್ದರು.

"ಎಣ್ಣ ಮೇಲಕ್ಕ ಬಂದದ ಕಣವ್ವ."

"ಜಾಸ್ತಿ ಇದ್ರ ಒಳ್ಳೇದಲ್ವಾ ಭಾವ?" ಎಂದು ಅವರ ಕಿವಿಯ ಹತ್ತಿರ ಕೂಗಿದೆ.

ಕಡ್ಡಿಯನ್ನು ನನ್ನ ಮೂಗಿಗೆ ಹಿಡಿದರು. ಡೀಸೆಲ್ ವಾಸನೆ. ಡೀಸೆಲನ್ನು ಮೇಲೆತ್ತುವ ಪಂಪಿನ ಒಳಗಿನ ಪೊರೆ ಹರಿದು, ಡೀಸೆಲ್ ಎಣ್ಣೆಗೆ ಇಳಿಯುತ್ತಿತ್ತು. ಎಣ್ಣೆ ನೀರಾದರೆ ಒಳಗಿನ ಕಬ್ಬಿಣ ಒಂದನ್ನೊಂದು ಕಚ್ಚಿಕೊಂಡು ಎಂಜಿನ್ ಮುಗಿದೇಹೋಗುತ್ತದೆ. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಆಗಲೇ ಇಳಿಯುತ್ತಿತ್ತು.

ಭಾವ ಡಾಕ್ಟರಮ್ಮನನ್ನು ಶೆಡ್ಡಿಗೇ ಕರೆಸಿದರು. "ನಿಲ್ಸಬೇಕು ಮೇಡಂ. ನಾನಾಗಿ ನಿಲ್ಸುದ್ರ ಮತ್ತ ಎಬ್ಬುಸ್ತೀನಿ. ಅದಾಗಿ ನಿಂತ್ರ ಮತ್ತ ಏಳಲ್ಲ."

"ಸಿಲಿಂಡರ್ ಅರ್ಧ ಗಂಟೆ ಬರಬಹುದು, ಅಷ್ಟೆ," ಎಂದರು ಅವರು. ಭಾವ ಅವರ ತುಟಿಯನ್ನೇ ನೋಡಿ ತಲೆಯಾಡಿಸಿದರು. ಅಕ್ಕ ಇದ್ದ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಕನಿಗೆ ಸಿಲಿಂಡರ್ ಹಾಕಿದ್ದಾರೆಂದು ನರ್ಸ್ ಕೈ ಬೀಸಿದಳು. ತಕ್ಷಣ ಎಂಜಿನ್ ಆರಿಸುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಭಾವ ಕರೆಂಟಿನ ಹಿಡಿಯನ್ನು ಇಳಿಸಿ, ಎಂಜಿನ್ ಬರಿದೇ ನಿಧಾನಕ್ಕೆ ತಿರುಗಲು ಬಿಟ್ಟರು. ಕಾದ ಕಬ್ಬಿಣವನ್ನು ಒಮ್ಮೆಲೇ ನಿಲ್ಲಿಸಬಾರದಂತೆ. ಸದ್ದು ತಗ್ಗುತ್ತಾ ತಗ್ಗುತ್ತಾ ಹೋಗಿ ಕೊನೆಗೆ ನಿಂತಿತು.

ಆ ಮೌನದಲ್ಲಿ ಶೀಟಿನ ಮೇಲೆ ಗಾಳಿ ಹೊಡೆಯುವುದು ಕೇಳಿಸಿತು. ಕೆಟ್ಟ ಎಣ್ಣೆಯನ್ನು ಬಿಸಿಬಿಸಿಯಾಗಿಯೇ ಬಾಂಡ್ಲಿಗೆ ಇಳಿಸಿದರು. ಮುಂಗೈ ಸುಟ್ಟಿತು, ಒರೆಸಿಕೊಳ್ಳಲಿಲ್ಲ. ಹರಿದ ಪಂಪನ್ನು ಬಿಚ್ಚಿ, ಆ ಜಾಗಕ್ಕೆ ತಗಡು ಕೂರಿಸಿ ಬಿಗಿದರು. ಡೀಸೆಲ್ ಕ್ಯಾನನ್ನು ಜಂತೆಗೆ ಎತ್ತರದಲ್ಲಿ ಕಟ್ಟಿ, ಪೈಪು ಎಳೆದು, ತಾನಾಗಿ ಇಳಿದುಬರುವಂತೆ ಮಾಡಿದರು. "ಆಲಿಕೆ ಇಡ್ಕೊ ಕಣವ್ವ, ಅಲ್ಲಾಡ್ಬ್ಯಾಡ." ಅವರು ಜೋಪಾನವಾಗಿ ಇಟ್ಟಿದ್ದ ಹೊಸ ಎಣ್ಣೆ ಜೇನಿನಂತೆ ಇಳಿಯಿತು. ಅದು ಅಷ್ಟು ನಿಧಾನವಾಗಿ ಇಳಿದದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಎದ್ದಿತು. ಜಗುಲಿಯಿಂದ ನರ್ಸ್, "ಬೇಗ, ಬೇಗ!" ಎಂದು ಕಿರುಚುತ್ತಿದ್ದಳು. ಭಾವನಿಗೆ ಕೇಳಿಸಲಿಲ್ಲ. ಎಣ್ಣೆಯ ಪೈಪಿನ ಮೇಲೆ ಅಂಗೈ ಇಟ್ಟು, ಮುಳ್ಳು ಏರುವವರೆಗೂ ಕಾದು, ಆಮೇಲೆ ಹಿಡಿಯನ್ನು ಮೇಲಕ್ಕೆತ್ತಿದರು. ಕೋಣೆಯಲ್ಲಿ ದೀಪ ಬಂತು. ನಾನು ಓಡಿದೆ. ಅಕ್ಕ ಕಣ್ಣು ತೆರೆದೇ ಮಲಗಿದ್ದಳು.

ಅವಳು ಗುಣವಾಗಿ ಮನೆಗೆ ಬಂದ ಮೇಲೆ ಒಂದು ದಿನ ಅವರೆಕಾಯಿ ಸುಲಿಯುತ್ತಾ ಕೇಳಿದೆ, "ಎಂಜಿನ್ ನಿಂತಾಗ ಎದ್ರಿಕ ಆಗ್ನಿಲ್ವಾ ಅಕ್ಕ?"

"ಕೆಟ್ಟು ನಿಂತಿದ್ರ ತಟ್ಟನ ನಿಲ್ತಿತ್ತು ಕಣ್ಮಿ. ಅದು ಮೆಲ್ಲಮೆಲ್ಲಗ ಮಲಗ್ತು. ನಿಮ್ಮ ಭಾವ್ನೇ ಮಲಗಿಸ್ತಾವ್ರ ಅಂತ ಗೊತ್ತಾಯ್ತು. ಇನ್ಯಾಕ ಎದ್ರಿಕ? ಎಬ್ಬುಸ್ತಾರ ಅಂತ ನಾನು ಮಲಗಿದ್ದಿ."

ಈ ಮಾತನ್ನು ಅವಳು ಗಂಡನಿಗೂ ಹೇಳಿರುತ್ತಾಳೆ ಎಂದುಕೊಂಡಿದ್ದೆ. ಹೋದ ವರ್ಷ ಅಕ್ಕ ತೀರಿಕೊಂಡಳು, ಮನೆಯಲ್ಲೇ, ನಿದ್ದೆಯಲ್ಲಿ. ಈ ತಿಂಗಳು ಅವರ ಮಗಳು ಹಟ ಮಾಡಿ ಭಾವನ ಕಿವಿಗೆ ಮಿಷನ್ ಹಾಕಿಸಿದ್ದಾಳೆ. ಈಗ ಅವರೊಂದಿಗೆ ಮೆಲ್ಲಗೆ ಮಾತಾಡಬಹುದು.

ಇವತ್ತು ಮಧ್ಯಾಹ್ನ ಅವರು ನಮ್ಮಲ್ಲಿಗೆ ಊಟಕ್ಕೆ ಬಂದಾಗ ಅದೂ ಇದೂ ಮಾತಿನ ನಡುವೆ ಅಕ್ಕನ ಆ ಮಾತನ್ನು ಹೇಳಿದೆ. ಭಾವ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟರು.

"ನಂಗ ಯೋಳ್ನಿಲ್ಲ ಅವ್ಳು."

ಯಾಕೆಂದು ನನಗೆ ಆಗ ಹೊಳೆಯಿತು. ಭಾವನಿಗೆ ಏನು ಹೇಳಬೇಕಾದರೂ ಬೀದಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಇಂಥ ಮಾತನ್ನು ಯಾವ ಹೆಂಡತಿ ಕೂಗಿ ಹೇಳುತ್ತಾಳೆ?

"ನಾನೇ ಉಸ್ರು ನಿಲ್ಸಿದ್ನಲ್ಲ ಅಂತ ಅವ್ಳು ಎದ್ರುಕಂಡಿರ್ತಾಳ ಅಂದ್ಕಂಡಿದ್ದಿ ನಾನು," ಎಂದರು ಭಾವ. "ಕೇಳಕ್ಕ ಧೈರ್ಯ ಬರ್ನಿಲ್ಲ, ಇಷ್ಟು ವರ್ಸ."

ಆಮೇಲೆ ಕಿವಿಯ ಮಿಷನ್ನನ್ನು ಬೆರಳಿನಿಂದ ಸರಿಮಾಡಿಕೊಂಡು ನನ್ನ ಕಡೆ ಬಾಗಿದರು.

"ಅವ್ಳು ಅಂದುದ್ದ ಇನ್ನೊಂದ್ಸಲ ಯೋಳವ್ವ."

ಹೇಳಿದೆ, ಅಕ್ಕ ಹೇಳಿದಷ್ಟೇ ಮೆಲ್ಲಗೆ.