ಫ್ರೀ ವರ್ಷನ್ನಿನಲ್ಲಿ ಹಸೆ ಹಾಡು

“ಅತ್ತೆ, ಈ ಹಾಡು ಮೇಜರ್ರಾ, ಮೈನರ್ರಾ?”

“ಮದ್ವೆ ಆಡು ಕಣಮ್ಮ. ಮೈನರ್ ಎಂಗಾಯ್ತದೆ? ಪೊಲೀಸ್ನೋರು ಬರಾಕಿಲ್ವಾ?”

(ನಮ್ಮ ಸೋದರತ್ತೆ ಜಯಮ್ಮ ರಾಜಾನುಕುಂಟೆಯವರು. ಅವರ ಬಾಯಲ್ಲಿ ಹಾಡು ‘ಆಡು’. ಮೇಕೆ ಅಂದುಕೊಳ್ಳಬೇಡಿ.)

ಪ್ರಶ್ನೆ ನನ್ನದಲ್ಲ, ಲ್ಯಾಪ್‌ಟಾಪಿನದು. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವವರಿಗೆ ಅಂತ ಒಂದು ಬಿಟ್ಟಿ ಸಾಫ್ಟ್‌ವೇರ್ ಇಳಿಸಿಕೊಂಡಿದ್ದೆ. ‘ಬಿಗಿನರ್ಸ್‌ಗೆ ಬೆಸ್ಟ್’ ಎಂದಿತ್ತು. ಹಾಡುವ ಮೊದಲೇ ಅದಕ್ಕೆ ಹಾಡಿನ ಜಾತಕ ಬೇಕು, ಸ್ವರಗಳ ಸ್ಕೇಲು ಮೇಜರೋ ಮೈನರೋ ಅಂತ. ನಾನು ಭಾನುವಾರ ಹವ್ಯಾಸಕ್ಕೆ ಮ್ಯೂಸಿಕ್ ಕೀಬೋರ್ಡ್ ಕುಟ್ಟುವವಳು. ನನ್ನ ಸ್ಟುಡಿಯೋ ಎಂದರೆ ಕೆಂಪಾಪುರದ ಮನೆಯಲ್ಲಿ ಇಸ್ತ್ರಿ ಬಟ್ಟೆ ರಾಶಿ ಹಾಕುವ ರೂಮು. ನನಗೇನು ಗೊತ್ತು? ಮೇಜರ್ ಒತ್ತಿದೆ. ಪೊಲೀಸರ ಭಯ.

ರೆಕಾರ್ಡಿಂಗ್ ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ.

ನಮ್ಮ ಮನೆಯ ಎಲ್ಲ ಮದುವೆಗಳಲ್ಲೂ ಹಸೆ ಹಾಡು ಜಯಮ್ಮತ್ತೆಯದೇ. ಹುಡುಗಿ ರೂಮಿನಿಂದ ಹೊರಟು ಹಸೆಮಣೆ ಮೇಲೆ ಕೂರುವವರೆಗೆ ಅವರು ಪಕ್ಕದಲ್ಲಿ ನಿಂತು ಹಾಡುತ್ತಾರೆ. ಆದರೆ ಹೋದ ವರ್ಷ ಮಾವ ತೀರಿಕೊಂಡರು. ಅಲ್ಲಿಂದ ಅತ್ತೆ ಶುಭಕಾರ್ಯಗಳಲ್ಲಿ ಮುಂದೆ ಬರುವುದಿಲ್ಲ. ಬರಬಾರದಂತೆ. ಈಗ ಚಿಕ್ಕಪ್ಪನ ಮಗಳು ರಮ್ಯಾಳ ಮದುವೆ. “ಅತ್ತೆ ಹಾಡದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ” ಎಂದು ಅವಳು ಪಟ್ಟು ಹಿಡಿದಳು. “ಬ್ಯಾಡ ಬಿಡವ್ವ” ಎಂದರು ಅತ್ತೆ. ಮನೆಗೆ ಹಿರಿಯರಾದ ದೊಡ್ಡಪ್ಪ, ಅಂದರೆ ಅತ್ತೆಯ ಸ್ವಂತ ಅಣ್ಣ, ಒಂದು ತೀರ್ಪು ಕೊಟ್ಟರು.

“ರೆಕಾರ್ಡ್ ಮಾಡಿ ಹಾಕ್ರಮ್ಮ. ಧ್ವನಿ ಬಂದ್ರೆ ದೋಷ ಇಲ್ಲ. ಮನುಷ್ರು ಮುಂದೆ ಬರಬಾರ್ದು, ಅಷ್ಟೇ.”

ಧ್ವನಿಗೆ ದೋಷವಿಲ್ಲ, ಧ್ವನಿ ಹೊರಡುವ ಗಂಟಲಿಗೆ ದೋಷ. ನನಗೆ ಸಿಟ್ಟು ಬಂತು. ಆದರೆ ಮದುವೆ ಮನೆಯಲ್ಲಿ ವಾದ ಮಾಡುವವರು ಯಾರು? ಸುಮ್ಮನೆ ಲ್ಯಾಪ್‌ಟಾಪ್ ತೆರೆದೆ.

ಅತ್ತೆ ಬಂದು ಬಟ್ಟೆ ರಾಶಿಯ ಪಕ್ಕ ಕೂತರು. ಕಿವಿಗೆ ಹೆಡ್‌ಫೋನ್ ಹಾಕಿದೆ. ಟಿಕ್ ಟಿಕ್ ಶುರುವಾಯಿತು.

“ಇಂದ್ಗಡೆ ಯಾರೋ ಮೊಳೆ ಒಡೀತಾವ್ರೆ.”

“ಅದು ತಾಳ ಅತ್ತೆ. ಅದಕ್ಕೆ ಸರಿಯಾಗಿ ಹಾಡ್ಬೇಕು.”

“ಅದೆಂಗಾಯ್ತದೆ? ಉಡುಗಿ ಎಷ್ಟು ದೂರದಿಂದ ಬರ್ತಾಳೆ, ಏಳು. ದೂರ ಇದ್ರೆ ಸಾಲು ಎಳೀಬೇಕು. ಅತ್ರ ಇದ್ರೆ ಬಿರ್ನೆ ಮುಗಿಸ್ಬೇಕು. ಸೀರೆ ಕಾಲಿಗೆ ಸಿಕ್ಕಾಕೊಂಡ್ರೆ ಅವ್ಳು ಬಿಡಿಸ್ಕೊಳೋಗಂಟ ಕಾಯ್ಬೇಕು.”

ಸ್ಕ್ರೀನ್ ತುಂಬಾ ಹುಡುಕಿದೆ. ಗಿಟಾರ್ ಇತ್ತು, ಸಿತಾರ್ ಇತ್ತು, ಚಪ್ಪಾಳೆ ಕೂಡ ಇತ್ತು. ಹುಡುಗಿ ಎಷ್ಟು ದೂರದಲ್ಲಿದ್ದಾಳೆ ಅಂತ ತುಂಬುವ ಜಾಗ ಎಲ್ಲೂ ಇರಲಿಲ್ಲ.

ಟಿಕ್ ಟಿಕ್ ಆಫ್ ಮಾಡಿ ಹಾಡಿಸಿದೆ. (ಮಧ್ಯೆ ಒಂದು ವಿಮಾನ ಹೋಯಿತು. ಹೆಬ್ಬಾಳದ ಆಚೀಚೆ ಇರುವವರು ಅದನ್ನೆಲ್ಲ ಲೆಕ್ಕಕ್ಕೆ ಇಡುವುದಿಲ್ಲ.) ಆಮೇಲೆ ನನ್ನ ಜಾಣತನ ಕೇಳಿ. ‘ಟೈಮಿಂಗ್ ಸರಿಪಡಿಸಿ’ ಅಂತ ಒಂದು ಬಟನ್ ಇತ್ತು, ಒತ್ತಿಬಿಟ್ಟೆ. ಎಳೆದ ಸಾಲುಗಳೆಲ್ಲ ಮುದುಡಿಕೊಂಡವು. ಅತ್ತೆ ಕೇಳಿಸಿಕೊಂಡು ಮುಖ ಹುಳ್ಳಗೆ ಮಾಡಿದರು.

“ಇದು ನಾನಲ್ಲ. ಯಾರೋ ಬಸ್ ಇಡಿಯಾಕ್ ಓಡ್ತಾವ್ಳೆ.”

ಮೊದಲಿನ ಹಾಗೇ ಮಾಡಿ ಸೇವ್ ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಒಂದು ಸಂದೇಶ ಬಂತು. ಓಕೆ ಒತ್ತಿದೆ. ನೀವಾಗಿದ್ದರೆ ಪೂರ್ತಿ ಓದುತ್ತಿದ್ದಿರಾ? ಹಾಡು ಪೆನ್‌ಡ್ರೈವ್‌ಗೆ ಇಳಿಯಿತು. ಶುರುವಿನ ಒಂದೆರಡು ಸಾಲು ಕೇಳಿದೆ, ಚೆನ್ನಾಗಿತ್ತು.

ಮದುವೆ ಯಲಹಂಕದ ಒಂದು ಛತ್ರದಲ್ಲಿ. ಅತ್ತೆ ಕಡೇ ಸಾಲಿನ ಕುರ್ಚಿಯಲ್ಲಿ, ಊಟದ ಹಾಲಿನ ಬಾಗಿಲ ಹತ್ತಿರ ಕೂತಿದ್ದರು. ಸೌಂಡ್ ಸಿಸ್ಟಮ್ಮಿನವನಿಗೆ ಪೆನ್‌ಡ್ರೈವ್ ಕೊಟ್ಟೆ. ರಮ್ಯಾ ರೂಮಿನಿಂದ ಹೊರಟಳು. ಸ್ಪೀಕರಿನಲ್ಲಿ ಅತ್ತೆ ದನಿ ಎದ್ದಾಗ ನನಗೆ ಕಣ್ಣು ತುಂಬಿತು. ಚಿಕ್ಕಮ್ಮ ಮೂಗು ಒರೆಸಿಕೊಂಡರು.

ರಮ್ಯಾ ಅರ್ಧ ದಾರಿಗೆ ಬಂದಿದ್ದಳು. ಹಾಡು ನಿಂತಿತು.

ಸಾಲಿನ ನಡುವೆ, ಪದದ ನಡುವೆ. ವೈರ್ ಇರಬೇಕು ಅಂತ ಸೌಂಡಿನವನು ತಡಕಾಡಿದ. “ಫೈಲೇ ಇಷ್ಟು ಮೇಡಂ” ಎಂದ. ಆಗ ನೆನಪಾಯಿತು ನಾನು ಅರೆಬರೆ ಓದಿ ಓಕೆ ಒತ್ತಿದ ಸಂದೇಶ. ಫ್ರೀ ವರ್ಷನ್ನಿನಲ್ಲಿ ಹಾಡು ಎಷ್ಟುದ್ದ ಬೇಕಾದರೂ ಹಾಡಬಹುದು, ಹೊರಗೆ ತೆಗೆಯಲು ಬಿಡುವುದು ಮೊದಲ ಎರಡು ನಿಮಿಷದಷ್ಟು ಮಾತ್ರ. ಉಳಿದದ್ದಕ್ಕೆ ದುಡ್ಡು ಕೊಡಬೇಕು.

ರಮ್ಯಾ ಹೆಜ್ಜೆ ಮುಂದಿಡದೆ ನಿಂತುಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡಪ್ಪ ಹಿಂದೆ ತಿರುಗಿದರು.

“ಜಯಾ! ಏನ್ ನೋಡ್ತಾ ಕೂತಿದೀಯಾ? ಎತ್ಕೊ ಹಾಡ್ನ! ಹಸೆ ಹಾಡು ಅರ್ಧಕ್ಕೆ ನಿಲ್ಬಾರ್ದು, ಅಪಶಕುನ!”

ನಾನು ಸರಿಯಾಗಿ ಕೇಳಿಸಿಕೊಂಡೆನಾ? ಅತ್ತೆ ಮುಂದೆ ಬಂದು ಹಾಡಿದರೆ ದೋಷ ಎಂದವರೂ ಇವರೇ. ಈಗ ಹಾಡದಿದ್ದರೆ ಅಪಶಕುನವಂತೆ. ಯಾವುದು ದೊಡ್ಡದು, ಯಾವುದು ಚಿಕ್ಕದು? ಮೇಜರ್ ಯಾವುದು, ಮೈನರ್ ಯಾವುದು?

ಅತ್ತೆ ಎದ್ದು ನಿಂತರು. ಮೈಕಿಲ್ಲ. ನಿಂತ ಪದವನ್ನು ನಿಂತಲ್ಲಿಂದಲೇ ಎತ್ತಿಕೊಂಡರು. ಹಾಡುತ್ತಾ ಹಾಡುತ್ತಾ ರಮ್ಯಾಳ ಹೆಜ್ಜೆ ಕಾಣಲೆಂದು ಒಂದೊಂದೇ ಕುರ್ಚಿ ಸಾಲು ದಾಟಿ ಮುಂದೆ ಬಂದರು. ಯಾರೂ ತಡೆಯಲಿಲ್ಲ. ರಮ್ಯಾ ಕಾಲಿಗೆ ಸಿಕ್ಕಿದ ಸೀರೆ ಸರಿಮಾಡಿಕೊಳ್ಳುವಾಗ ಅತ್ತೆಯ ಸಾಲು ಅಲ್ಲೇ ಕಾದಿತ್ತು. ಅವಳು ಹಸೆಮಣೆ ಮೇಲೆ ಕೂತಳು, ಹಾಡು ಮುಗಿಯಿತು. ಅತ್ತೆ ಸೆರಗು ಹೊದ್ದುಕೊಂಡು ಮತ್ತೆ ಕಡೇ ಸಾಲಿಗೆ ಹೋಗಿ ಕೂತರು.

ಊಟಕ್ಕೆ ಕೂತಾಗ ದೊಡ್ಡಪ್ಪ ಪಾಯಸ ಹಾಕಿಸಿಕೊಳ್ಳುತ್ತಾ ನನ್ನನ್ನು ಕರೆದರು. “ಮಾನ ಹೋಗ್ತಿತ್ತಲ್ಲಮ್ಮ. ದುಡ್ಡು ನಾನ್ ಕೊಡ್ತೀನಿ, ಆ ಫುಲ್ ವರ್ಷನ್ ತಗೊಂಡ್‌ಬಿಡು. ನಿನ್ ತಮ್ಮನ ಮದ್ವೆ ಬೇರೆ ಬರ್ತಾ ಇದೆ. ಹಿಂಗೆ ಆಗ್ಬಾರ್ದು.”

ತಲೆ ಆಡಿಸಿದೆ. ತಪ್ಪು ನನ್ನದೇ ತಾನೇ?

ಕೈ ತೊಳೆಯುವ ಜಾಗದಲ್ಲಿ ಅತ್ತೆ ಸಿಕ್ಕರು. ಆಚೆ ಈಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

“ತಮ್ಮನ್ ಮದ್ವೇಲೂ ಅದು ಅರ್ಧಕ್ಕೇ ನಿಲ್ತದಾ ಮಗಾ?”

ದೊಡ್ಡಪ್ಪ ದುಡ್ಡು ಕಳಿಸಿದ್ದಾರೆ. ಸ್ಕ್ರೀನಿನ ಮೇಲೆ ‘ಬೈ ನೌ’ ಬಟನ್ ಕಾಯುತ್ತಿದೆ. ನೀವೇ ಹೇಳಿ, ಪೂರ್ತಿ ಹಾಡು ಕೊಂಡು ತಂದು ಅತ್ತೆಯನ್ನು ಪೂರ್ತಿಯಾಗಿ ಕಡೇ ಸಾಲಿನಲ್ಲಿ ಕೂರಿಸಿಬಿಡಲೇ?