ಹೆಸರುಕಾಳಿನ ಪೆಪ್ಟೈಡ್ ಮತ್ತು ಅನ್ವರ್ ಭಾಯಿಯ ಕಾಲು

ಕೋವಿಡ್ ಗಲಾಟೆ ತಣ್ಣಗಾಗಿ ಎರಡು ವರ್ಷ ಆಗಿತ್ತು. ನಾನಾಗ ಜೆ.ಪಿ. ನಗರದ ಒಂದು ಸಣ್ಣ ಬಯೋಟೆಕ್ ಕಂಪನಿಯಲ್ಲಿ ಸೀನಿಯರ್ ಮೈಕ್ರೋಬಯಾಲಜಿಸ್ಟ್. ಸೀನಿಯರ್ ಅಂದರೆ ಏನು ಮಹಾ, ತಲೆ ನರೆತಿತ್ತು, ಸಂಬಳಕ್ಕಿಂತ ಬಾಯಿ ದೊಡ್ಡದಿತ್ತು. ಒಪ್ಪದ ಮಾತನ್ನು ನುಂಗಿಕೊಂಡು ಕೂರುವ ಅಭ್ಯಾಸ ನನಗೆ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ನಮ್ಮ ಕೆಲಸ ಹೆಸರುಕಾಳಿನ ಮೇಲೆ. ಕಾಳು ಮಣ್ಣಿಗೆ ಬಿದ್ದು ಮೊಳಕೆ ಒಡೆಯುವಷ್ಟರಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲ ಮುತ್ತಿಕೊಳ್ಳುತ್ತವೆ. ಓಡಿಹೋಗೋಣ ಅಂದರೆ ಗಿಡಕ್ಕೆ ಕಾಲಿಲ್ಲ. ಅದಕ್ಕೇ ಅದು ಪೆಪ್ಟೈಡ್‌ಗಳನ್ನು, ಅಂದರೆ ಪ್ರೋಟೀನಿನ ಪುಟ್ಟ ತುಣುಕುಗಳನ್ನು ತಯಾರಿಸಿಕೊಳ್ಳುತ್ತದೆ. ಇವುಗಳ ಮೈಮೇಲೆ ಧನ ವಿದ್ಯುದಂಶ, ಬ್ಯಾಕ್ಟೀರಿಯಾದ ಹೊರಮೈ ಮೇಲೆ ಋಣ ವಿದ್ಯುದಂಶ. ಆ ಸೆಳೆತದಿಂದ ಪೆಪ್ಟೈಡ್ ಹೋಗಿ ಪೊರೆಗೆ ಅಂಟಿಕೊಂಡು ತೂತು ಮಾಡುತ್ತದೆ, ಒಳಗಿನ ಸಾರವೆಲ್ಲ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಅಷ್ಟು ಋಣ ವಿದ್ಯುದಂಶ ಇಲ್ಲ, ಹಾಗಾಗಿ ಅವುಗಳ ತಂಟೆಗೆ ಇದು ಅಷ್ಟಾಗಿ ಹೋಗುವುದಿಲ್ಲ. ಆಂಟಿಬಯಾಟಿಕ್‌ಗಳು ಒಂದೊಂದಾಗಿ ಸೋಲುತ್ತಿರುವ ಕಾಲದಲ್ಲಿ ಯಾರಿಗಾದರೂ ಆಸೆ ಹುಟ್ಟುವಂಥ ವಸ್ತು. ನನಗೂ ಹುಟ್ಟಿತ್ತು.

ಕಂಪನಿ ಶುರುವಾದದ್ದು ಈ ಪೆಪ್ಟೈಡ್‌ನಿಂದ ಟೊಮೆಟೊ ಗಿಡದ ರೋಗಕ್ಕೆ ಔಷಧಿ ಮಾಡಲು. ಆಮೇಲೆ ದುಡ್ಡು ಹಾಕುವವರು ಬಂದರು, ಟೊಮೆಟೊ ಬೇಡ, ಮನುಷ್ಯರ ಗಾಯಕ್ಕೆ ಜೆಲ್ ಮಾಡಿ ಅಂದರು. ಲ್ಯಾಬ್‌ನಲ್ಲಿ ಜೆಲ್ ಚೆನ್ನಾಗಿಯೇ ಕೆಲಸ ಮಾಡಿತು. ಗಾಯ ಕೊಳೆಸುವ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನಲ್ಲಿ ಒಂದು ತೊಟ್ಟು ಹಾಕಿದರೆ ಸಾಕು, ಸುತ್ತಲೂ ಎಲ್ಲ ಸತ್ತು ಸ್ವಚ್ಛ ವೃತ್ತ. ತಿಲಕ್ ನಗರದ ಒಂದು ಧರ್ಮಾರ್ಥ ಕ್ಲಿನಿಕ್‌ನಲ್ಲಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಮೇಲೆ ಟ್ರಯಲ್ ಮಾಡುವುದೆಂದು ಮಾತಾಯಿತು.

ಏರ್ಪಾಟು ನೋಡಿಬರಲು ಒಂದು ಬೆಳಿಗ್ಗೆ ಅಲ್ಲಿಗೆ ಹೋದೆ. ಟ್ರಯಲ್‌ಗೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದ ಟೈಲರ್ ಅನ್ವರ್ ಭಾಯ್ ಬೆಂಚಿನ ಮೇಲೆ ಕೂತಿದ್ದರು. ಮೆಷಿನ್ ತುಳಿಯುವ ಬಲಗಾಲಿನ ಪಾದದಲ್ಲೇ ಹುಣ್ಣು. ಸಿಸ್ಟರ್ ಬ್ಯಾಂಡೇಜ್ ಬಿಚ್ಚುತ್ತಿದ್ದಾಗ ಭಾಯ್ ನನ್ನನ್ನು ಕೇಳಿದರು: "ಮೇಡಂ, ನಿಮ್ ಜೆಲ್ ಹಚ್ಚೋಕೆ ಶುರು ಮಾಡಿದ್ಮೇಲೆ ಹಳೇ ಮುಲಾಮು ಬಿಡ್ಬೇಕಂತೆ. ಬಿಡ್ಲಾ?"

ಬ್ಯಾಂಡೇಜ್ ಪೂರ್ತಿ ತೊಯ್ದುಹೋಗಿತ್ತು. ಅದನ್ನು ನೋಡುತ್ತಿದ್ದಂತೆ ನನಗೆ ಒಂದು ವಿಷಯ ಹೊಳೆಯಿತು. ಗಾಯದಿಂದ ಒಸರುವುದು ರಕ್ತದ ನೀರು, ಅದರಲ್ಲಿ ಉಪ್ಪಿದೆ. ನಾವು ಬ್ಯಾಕ್ಟೀರಿಯಾ ಬೆಳೆಸುವ ಆಹಾರದಲ್ಲಿ ಉಪ್ಪು ಎಲ್ಲಿದೆ? ಗಿಡದ ರಸದಲ್ಲಿ ಉಪ್ಪಿನಂಶ ಕಡಿಮೆ ಅಂತ ಟೊಮೆಟೊ ಕಾಲದಲ್ಲಿ ಉಪ್ಪಿಲ್ಲದೆ ತಯಾರಿಸಿದ್ದ ಆಹಾರ ಅದು. ಕಂಪನಿ ಗಿಡದಿಂದ ಮನುಷ್ಯನಿಗೆ ಹಾರಿತು, ಆಹಾರ ಮಾತ್ರ ಟೊಮೆಟೊ ಹತ್ತಿರವೇ ಉಳಿದುಬಿಟ್ಟಿತ್ತು.

"ಬಿಡ್ಬೇಡಿ ಭಾಯ್. ನಾನು ಹೇಳೋವರೆಗೂ ಬಿಡ್ಲೇಬೇಡಿ," ಅಂದು ಸೀದಾ ಲ್ಯಾಬಿಗೆ ಬಂದೆ.

ರಕ್ತದಲ್ಲಿರುವಷ್ಟೇ ಉಪ್ಪು ಬೆರೆಸಿ ಹೊಸ ಪ್ಲೇಟ್‌ಗಳನ್ನು ಮಾಡಿದೆ. ಮರುದಿನ ತೆಗೆದು ನೋಡಿದರೆ ವೃತ್ತವೇ ಇಲ್ಲ. ಬ್ಯಾಕ್ಟೀರಿಯಾ ಪ್ಲೇಟ್ ತುಂಬಾ ಹಾಯಾಗಿ ಬೆಳೆದಿತ್ತು. ಉಪ್ಪಿನ ಅಯಾನುಗಳು ಮಧ್ಯೆ ಬಂದು ಪೆಪ್ಟೈಡ್‌ಗೂ ಪೊರೆಗೂ ಇದ್ದ ಸೆಳೆತವನ್ನೇ ಮುರಿದಿದ್ದವು. ಕೈತಪ್ಪಿರಬಹುದು ಎಂದು ಮತ್ತೆ ಮಾಡಿದೆ, ಮತ್ತೂ ಮಾಡಿದೆ. ಅದೇ ಕಥೆ. ಹೋಲಿಸಿ ನೋಡಲು ಪಕ್ಕದಲ್ಲೇ ಹಾಕಿದ್ದ ಹಳೇ ಮುಲಾಮಿನ ಔಷಧ ಮಾತ್ರ ಉಪ್ಪಿದ್ದರೂ ತನ್ನ ಕೆಲಸ ಮಾಡಿತ್ತು.

ವಿಷಯ ತಿಳಿಸಿದಾಗ ಕಂಪನಿಯ ಡೈರೆಕ್ಟರ್ ಬಾಗಿಲು ಹಾಕಿಕೊಂಡು ಮಾತಾಡಿದರು. "ಮೇಡಂ, ಈ ಟೆಸ್ಟ್ ನಿಮ್ಮನ್ನ ಯಾರೂ ಕೇಳಿರ್ಲಿಲ್ಲ. ಟ್ರಯಲ್ ಆಗ್ಲಿ, ಅಲ್ಲೇ ಗೊತ್ತಾಗತ್ತಲ್ಲ."

"ಅಲ್ಲಿ ಅಂದ್ರೆ ಎಲ್ಲಿ ಸಾರ್? ಆ ಟೈಲರ್ ಕಾಲ್ಮೇಲಾ?"

ಅವರ ಮುಖ ಕೆಂಪಾಯಿತು. "ನಿಮ್ಮ ಕಾಂಟ್ರ್ಯಾಕ್ಟ್ ಮುಂದಿನ ತಿಂಗಳು ಮುಗಿಯತ್ತೆ, ನೆನಪಿರ್ಲಿ," ಅಂದರು. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾದೀತು. ಮನೆಯಲ್ಲಿ ನನ್ನೊಬ್ಬಳದೇ ಸಂಪಾದನೆ. ಆದರೆ ಹೆದರಿಕೆಗಿಂತ ಸಿಟ್ಟು ಒಂದು ಗೇಣು ಮೇಲಿತ್ತು.

ಟ್ರಯಲ್‌ಗೆ ಒಪ್ಪಿಗೆ ಕೊಡಬೇಕಾದದ್ದು ಕ್ಲಿನಿಕ್‌ನ ಎಥಿಕ್ಸ್ ಕಮಿಟಿ. ರೋಗಿಗಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಸಭೆಯ ದಿನ ಡೈರೆಕ್ಟರ್ ಚೆಂದದ ಸ್ಲೈಡ್‌ಗಳನ್ನು ತೋರಿಸಿ ಮುಗಿಸುತ್ತಿದ್ದಂತೆ ನಾನು ಎದ್ದು ನಿಂತೆ. ಉಪ್ಪು ಬೆರೆಸಿದ ಪ್ಲೇಟ್‌ಗಳ ಫೋಟೊಗಳನ್ನು ಮೇಜಿನ ಮೇಲೆ ಇಟ್ಟೆ.

"ಇದು ಮೇಡಂ ಅವರ ವೈಯಕ್ತಿಕ ಅಭಿಪ್ರಾಯ," ಅಂದರು ಡೈರೆಕ್ಟರ್.

"ನನ್ನ ಅಭಿಪ್ರಾಯ ಕೇಳಿ ಬ್ಯಾಕ್ಟೀರಿಯಾ ಬೆಳೆಯಲ್ಲ ಸಾರ್. ನಂಬಿಕೆ ಇಲ್ದಿದ್ರೆ ಬೇರೆ ಲ್ಯಾಬಲ್ಲಿ ಮಾಡ್ಸಿ. ಅಲ್ಲಿ ವೃತ್ತ ಬಂದ್ರೆ ನಾನೇ ಬಂದು ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ."

ಕಮಿಟಿ ಬೇರೆ ಲ್ಯಾಬ್‌ನಲ್ಲಿ ಮಾಡಿಸಿತು. ವೃತ್ತ ಬರಲಿಲ್ಲ. ಟ್ರಯಲ್ ನಿಂತಿತು, ನನ್ನ ಕೆಲಸವೂ ಹೋಯಿತು. ಬೀಳ್ಕೊಡುಗೆಗೆ ಒಂದು ಲೋಟ ಕಾಫಿ ಸಹ ಕೊಡಲಿಲ್ಲ, ಪುಣ್ಯಾತ್ಮರು!

ಅನ್ವರ್ ಭಾಯಿಗೆ ನಾನೇ ಹೇಳಬೇಕು ಅನ್ನಿಸಿ ಅವರ ಅಂಗಡಿಗೆ ಹೋದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ, ಅವರು ನನ್ನ ಮೇಲೆ ಹರಿಹಾಯ್ದರು. "ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ ಮೇಡಂ? ಹಂಗಾದ್ರೆ ಆ ಹೆಸರುಕಾಳಿನ ಔಷಧಿ ಎಲ್ಲಾ ಸುಳ್ಳಾ?"

"ಸುಳ್ಳಲ್ಲ ಭಾಯ್. ಗಿಡದಲ್ಲಿ ನಿಜ. ನಿಮ್ ಕಾಲಲ್ಲಿ ಇನ್ನೂ ನಿಜ ಆಗಿಲ್ಲ."

ಅವರು ಕೈಲಿದ್ದ ಬಟ್ಟೆಯನ್ನು ಮೆಷಿನ್ ಮೇಲಿಟ್ಟರು. ಆಮೇಲೆ ನನಗೆ ಸ್ಟೂಲ್ ಎಳೆದುಕೊಟ್ಟರು.

ಹಳೇ ಮುಲಾಮು, ಸರ್ಜನ್ ಕೈಗುಣ, ಪಥ್ಯ ಎಲ್ಲ ಸೇರಿ ಅವರ ಹುಣ್ಣು ನಿಧಾನಕ್ಕೆ ಮಾಯಿತು. ಕಿರುಬೆರಳು ಹೋಯಿತು, ಪಾದ ಉಳಿಯಿತು. ಉಪ್ಪಿನಲ್ಲೂ ಅಂಟಿಕೊಳ್ಳುವಂತೆ ಇಂಥ ಪೆಪ್ಟೈಡ್‌ಗಳನ್ನು ತಿದ್ದುವ ಕೆಲಸ ಹಲವು ಲ್ಯಾಬ್‌ಗಳಲ್ಲಿ ನಡೆಯುತ್ತಿದೆ, ಗೆಲ್ಲಲಿ ಎಂದು ಮನಸಾರೆ ಹಾರೈಸುತ್ತೇನೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಔಷಧಿ ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ, ಎಲ್ಲಿ ಎಂದು ಕೇಳಬೇಕು. ಕೇಳಿದ್ದಕ್ಕೆ ಕೆಲಸ ಹೋದರೆ ಹೋಗಲಿ. ನನಗೆ ಬೇರೆ ಕೆಲಸ ಸಿಕ್ಕಿತು. ಅನ್ವರ್ ಭಾಯಿಗೆ ಬೇರೆ ಕಾಲು ಸಿಗುತ್ತಿರಲಿಲ್ಲ.