ಸಾಹೇಬರ ಮೇಲ್ ಕಸಕ್ಕೆ ಹಾಕಿದವರು

ಅಟ್ಟೂರಿನ ಒಂದು ಅಪಾರ್ಟ್‌ಮೆಂಟ್ ಆಫೀಸಿನಲ್ಲಿ ಕಸ ಗುಡಿಸಿ ಕಾಫಿ ಮಾಡಿಕೊಡೋದು ನನ್ನ ಕೆಲಸ. ಒಂದು ಸಲ ನೀರು ನಿಲ್ಲುತ್ತೆ ಅಂತ ಸೆಕ್ರೆಟರಿ ಸಾಹೇಬರು ಕಳಿಸಿದ ಈಮೇಲ್ ಯಾರ ಕಣ್ಣಿಗೂ ಬೀಳದೆ, ಜನ ಮೈಗೆಲ್ಲಾ ಸೋಪು ಹಚ್ಚಿಕೊಂಡು ಬಚ್ಚಲಲ್ಲೇ ನಿಂತರು. "ಇದು ಯಾವಾಗಲೂ ನನ್ನ ಮೇಲೆ ಜಗಳಕ್ಕೆ ಬರೋ ಆ ಮೂರನೇ ಮಹಡಿಯವನದೇ ಕೆಲಸ. ಭಾನುವಾರ ಮೀಟಿಂಗಲ್ಲಿ ಅವನ ಮಾನ ಕಳೀತೀನಿ" ಅಂತ ಸಾಹೇಬರು ಕುದಿಯುತ್ತಿದ್ದರು.

ರಿಪೇರಿಗೆ ಬಂದ ಕಂಪ್ಯೂಟರ್ ಮೇಡಂ ನೋಡಿ ಹೇಳಿದರು, "ಸರ್, ಯಾರೋ ನಿಮ್ಮ ಮೇಲ್‌ಗೆಲ್ಲಾ ಸ್ಪ್ಯಾಮ್ ಅಂತ, ಅಂದ್ರೆ ಕಸ ಅಂತ ಒತ್ತಿದ್ದಾರೆ. ಅಪಾರ್ಟ್‌ಮೆಂಟಿನ ಮೇಲ್ ಸಿಸ್ಟಮ್ ಅದನ್ನ ನಂಬಿ ಎಲ್ಲರಿಗೂ ಕಸದಲ್ಲೇ ಹಾಕ್ತಿದೆ."

"ಯಾರು ಅಂತ ಕಂಪ್ಯೂಟರ್ ಹೇಳುತ್ತಾ ತಾಯಿ?" ಅಂದೆ, ಪೊರಕೆ ಕೆಳಗಿಟ್ಟು.

ಹೇಳಿತು. ಸಾಹೇಬರ ಹೆಂಡತಿ!

ಕರೆಸಿದಾಗ ಆಯಮ್ಮ ಒಂಚೂರೂ ಅಳುಕಲಿಲ್ಲ. "ಹೌದು ಕಣ್ರೀ, ನಾನೇ. ದಿನಾ ಊಟಕ್ಕೆ ಕೂತಾಗ ನಿಮ್ಮ ಭಾಷಣ ಕೇಳ್ತೀನಲ್ಲ, ಅದನ್ನೇ ಮತ್ತೆ ಓದ್ಬೇಕಾ?" ಅಂದರು. ಮೇಡಂ ಹೇಳಿದ ಮೇಲೆ 'ಸ್ಪ್ಯಾಮ್ ಅಲ್ಲ' ಅಂತ ಒಂದೊಂದಕ್ಕೂ ಒತ್ತಿಕೊಟ್ಟರು. ಮೂರನೇ ಮಹಡಿಯವನ ಮಾನ ಉಳೀತು.

ನಾನು ಬೆರಗಾಗಿದ್ದು ಆ ಕಂಪ್ಯೂಟರ್ ನೋಡಿ. ಸಾಹೇಬರ ಮನೇಲಿ ಎಷ್ಟೋ ವರ್ಷ ಪಾತ್ರೆ ತಿಕ್ಕಿದ ನನಗೇ ಗೊತ್ತಿಲ್ಲದ್ದನ್ನ, ದಿನ ಗಳಿಗೆ ಸಮೇತ ಬರೆದಿಟ್ಟುಕೊಂಡಿತ್ತು. ಆದರೂ ಕೇಳೋವರೆಗೂ ಒಬ್ಬರ ಹತ್ರಾನೂ ಉಸಿರೆತ್ತಿರಲಿಲ್ಲ. ಎಂಥಾ ಗಟ್ಟಿ ಜೀವ ಅದು! ನಾನಂತೂ ಸಂಜೆಯೊಳಗೆ ಈ ಸುದ್ದೀನ ಅಟ್ಟೂರೆಲ್ಲಾ ಮುಗಿಸಿ, ಆಚೆ ಊರು ಅಲ್ಲಾಳಸಂದ್ರಕ್ಕೂ ಮುಟ್ಟಿಸಿದ್ದೆ.